ಭೋಪಾಲ್‌ನ ವಿಷದ ಕಸ ಸುಟ್ಟಾಯಿತು. ಇನ್ನೂ ಡೌ ಕಂಪನಿ ಯಾಕೆ ದುಡ್ಡು ಕೊಡಬೇಕು?

ನೀವು ಕೇಳಿದ್ದು ಎರಡು ಪ್ರಶ್ನೆ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 337 ಟನ್ ಕಸ ಸುಟ್ಟು ಮುಗಿದ ಮೇಲೂ ಜಗಳ ಯಾಕೆ ನಿಂತಿಲ್ಲ ಅನ್ನುವುದು ಒಂದು. ವಿಷಾನಿಲ ಸೋರಿದ 1984ರಲ್ಲಿ ಅಲ್ಲಿ ಇರದೇ ಇದ್ದ, ಆಮೇಲೆ ಕಾರ್ಬೈಡನ್ನು ಕೊಂಡ ಅಮೆರಿಕದ ಡೌ ಕಂಪನಿಯ ಹತ್ತಿರ ಖರ್ಚು ಕೇಳುವುದು ನ್ಯಾಯವಾ ಅನ್ನುವುದು ಇನ್ನೊಂದು. ನಾನು ಬಹಳ ವರ್ಷ ನೀರು, ಮಣ್ಣಿನ ಪರೀಕ್ಷೆಯ ಕೆಲಸ ಮಾಡಿದವನು. ಹಾಗಾಗಿ ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಎರಡನೆಯದಕ್ಕೆ ಉತ್ತರ ಸುಲಭ.

ಆ 337 ಟನ್ ಅಂದರೆ ನೆಲದ ಮೇಲೆ ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ. 2005ರ ಹೊತ್ತಿಗೆ ಕಾರ್ಖಾನೆ ಆವರಣದಲ್ಲಿ ಬಿದ್ದಿದ್ದನ್ನು ಒಟ್ಟು ಮಾಡಿ, ಚೀಲಕ್ಕೆ ತುಂಬಿ, ಅಲ್ಲೇ ಶೆಡ್ಡಿನಲ್ಲಿ ಇಟ್ಟರು. ಇಪ್ಪತ್ತು ವರ್ಷ ಅದು ಹಾಗೇ ಕೂತಿತ್ತು. 2024ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ ಹೈಕೋರ್ಟ್ ನಾಲ್ಕು ವಾರದ ಗಡುವು ಕೊಟ್ಟ ಮೇಲೆ, ಹೊಸ ವರ್ಷದ ಹೊತ್ತಿಗೆ 12 ಕಂಟೇನರ್ ಲಾರಿಗಳಲ್ಲಿ ಅದನ್ನು ಸುಮಾರು 250 ಕಿಲೋಮೀಟರ್ ದೂರದ ಪೀತಂಪುರಕ್ಕೆ ಒಯ್ದರು. ಅಲ್ಲಿನ ಜನ ಬೀದಿಗೆ ಇಳಿದರು. ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು. ಕೊನೆಗೆ 2025ರ ಜೂನ್ ಅಂತ್ಯಕ್ಕೆ ಎಲ್ಲವನ್ನೂ ಸುಟ್ಟರು. ಸುಡುವಾಗ ಸುಣ್ಣ ಬೆರೆಸಬೇಕಾಗುತ್ತದೆ, ಆದ್ದರಿಂದ ಉಳಿದ ಬೂದಿಯ ತೂಕ ಸುಟ್ಟ ಕಸಕ್ಕಿಂತ ಜಾಸ್ತಿ. ಈ ಇಡೀ ಕೆಲಸಕ್ಕೆ ಮೀಸಲಿಟ್ಟದ್ದು 126 ಕೋಟಿ ರೂಪಾಯಿ, ಕೊಟ್ಟದ್ದು ಕೇಂದ್ರ ಸರ್ಕಾರ. ಅಂದರೆ ನೀವು, ನಾನು. ಕಾರ್ಬೈಡ್ ಆಗಲಿ ಡೌ ಆಗಲಿ ಒಂದು ರೂಪಾಯಿ ಬಿಚ್ಚಲಿಲ್ಲ.

ಈಗ ನೆಲದ ಕೆಳಗಿನದಕ್ಕೆ ಬರೋಣ. ನೀರಿ ಮತ್ತು ಎನ್‌ಜಿಆರ್‌ಐ ಅನ್ನುವ ಎರಡು ಸರ್ಕಾರಿ ಸಂಶೋಧನಾ ಸಂಸ್ಥೆಗಳು 2010ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಅಲ್ಲಿ ವಿಷ ಸೇರಿದ ಮಣ್ಣು 11 ಲಕ್ಷ ಟನ್. 337 ಎಲ್ಲಿ, 11 ಲಕ್ಷ ಎಲ್ಲಿ!

ಇಲ್ಲಿ ತುಂಬಾ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. ಈ ಮಣ್ಣು ಕೆಟ್ಟಿದ್ದು ಡಿಸೆಂಬರ್ 2ರ ರಾತ್ರಿ ಸೋರಿದ ಅನಿಲದಿಂದ ಅಲ್ಲ. ಆ ರಾತ್ರಿ ಏನೂ ಆಗದೇ ಇದ್ದಿದ್ದರೂ ಆ ನೆಲ ವಿಷವೇ ಆಗಿರುತ್ತಿತ್ತು. 1969ರಿಂದ ಅಲ್ಲಿ ಕೀಟನಾಶಕದ ಕೆಲಸ ನಡೆದಿತ್ತು, ಉಳಿದ ರಾಸಾಯನಿಕ, ಟಾರಿನಂಥ ಗಸಿ ಎಲ್ಲವನ್ನೂ ಆವರಣದೊಳಗೆ ಅಲ್ಲಲ್ಲಿ ಗುಂಡಿ ತೋಡಿ ಸುರಿಯುತ್ತಿದ್ದರು. 1977ರಿಂದ ಕೊಳಕು ನೀರನ್ನು ಕಾರ್ಖಾನೆಯ ಉತ್ತರಕ್ಕಿದ್ದ ಹೊಂಡಗಳಿಗೆ ಬಿಟ್ಟರು, ಬಿಸಿಲಿಗೆ ಆರಿಹೋಗಲಿ ಅಂತ. ತಳಕ್ಕೆ ಪ್ಲಾಸ್ಟಿಕ್ ಹಾಸಿದ್ದರು. ಅದು ಸೋರುತ್ತಿದೆ ಅಂತ 1982ರಲ್ಲೇ ಕಂಪನಿಯೊಳಗೆ ಟೆಲೆಕ್ಸ್ ಸಂದೇಶ ಓಡಾಡಿತ್ತು. 1989ರಲ್ಲಿ ಕಂಪನಿಯೇ ಆವರಣದ ಮಣ್ಣು, ನೀರು ತೆಗೆದು ಪರೀಕ್ಷೆ ಮಾಡಿಸಿತು, ಮಾದರಿಗಳಿಗೆ ಹಾಕಿದ ಮೀನು ಸತ್ತವು. ಅಕ್ಕಪಕ್ಕದ ಬಡಾವಣೆಗಳಲ್ಲಿ ಹ್ಯಾಂಡ್‌ಪಂಪ್ ನೀರು ಕುಡಿಯುತ್ತಿದ್ದ ಜನಕ್ಕೆ ಇದನ್ನು ಯಾರೂ ಹೇಳಲಿಲ್ಲ. ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಇದಕ್ಕೇ.

ಇಂಥ ವಿಷ ತಾನಾಗಿ ಹೋಗುವುದಿಲ್ಲ. ಅಲ್ಲಿ ಸಿಕ್ಕಿರುವ ಡೈಕ್ಲೋರೋಬೆಂಜೀನ್‌ನಂಥ ಕ್ಲೋರಿನ್ ರಾಸಾಯನಿಕಗಳು ನೀರಿಗಿಂತ ಭಾರ. ಎಣ್ಣೆಯ ಹಾಗೆ ಮೇಲೆ ತೇಲದೆ ಅಂತರ್ಜಲದ ತಳಕ್ಕೆ ಇಳಿದು, ಅಲ್ಲಿ ಕೂತು, ಹತ್ತಾರು ವರ್ಷ ಚೂರುಚೂರೇ ಕರಗುತ್ತಾ ಹೋಗುತ್ತವೆ, ನೀರು ಹರಿದ ಕಡೆ ತಾವೂ ಹೋಗುತ್ತವೆ. ಪಾದರಸ ಬೇರೆ ಇದೆ, ಅದಂತೂ ಕೊಳೆಯುವ ವಸ್ತುವೇ ಅಲ್ಲ. ಅದಕ್ಕೇ ಕೆಟ್ಟ ನೀರಿನ ಬಡಾವಣೆಗಳ ಪಟ್ಟಿ ಬೆಳೆಯುತ್ತಲೇ ಬಂದು 2018ರ ಹೊತ್ತಿಗೆ 42 ಆಯಿತು. ಆ ಜನರಿಗೆ ಶುದ್ಧ ನೀರು ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು.

ಇನ್ನು ಡೌ. ಅವರ ವಾದವನ್ನು ಸರಿಯಾಗಿಯೇ ಹೇಳಬೇಕು. ಕಾರ್ಖಾನೆ ನಡೆಸಿದ್ದು ಭಾರತದ ಕಂಪನಿ, ಅದರಲ್ಲಿ ಅಮೆರಿಕದ ಕಾರ್ಬೈಡ್‌ಗೆ 50.9% ಪಾಲಿತ್ತು, ಆ ಪಾಲನ್ನು 1994ರಲ್ಲೇ ಮಾರಿಯಾಗಿದೆ, ಜಾಗ 1998ರಲ್ಲಿ ರಾಜ್ಯ ಸರ್ಕಾರಕ್ಕೆ ವಾಪಸ್ ಹೋಗಿದೆ, ನಾವು ಕಾರ್ಬೈಡನ್ನು ಕೊಂಡದ್ದು 2001ರಲ್ಲಿ, ಪರಿಹಾರ 1989ರಲ್ಲೇ 47 ಕೋಟಿ ಡಾಲರ್‌ಗೆ ಇತ್ಯರ್ಥ ಆಗಿದೆ. ಅಮೆರಿಕದ ಕೋರ್ಟುಗಳೂ ನೀರು ಕೆಟ್ಟ ಪ್ರಕರಣದಲ್ಲಿ ಕಾರ್ಬೈಡನ್ನು ಬಿಟ್ಟುಬಿಟ್ಟವು. ಪರಿಹಾರ ಹೆಚ್ಚಿಸಿ, ಪರಿಸರದ ಹಾನಿಗೂ ಕೊಡಿಸಿ ಅಂತ ಕೇಂದ್ರ ಹಾಕಿದ್ದ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿತು.

ಆದರೂ ನಾನು ಒಪ್ಪುವುದಿಲ್ಲ. ಮನೆ ಕೊಂಡವರು ಅದರ ಮೇಲಿನ ಸಾಲ ನಮ್ಮದಲ್ಲ ಅಂದರೆ ಬ್ಯಾಂಕಿನವರು ಕೇಳುತ್ತಾರಾ? 2002ರಲ್ಲಿ ಅಮೆರಿಕದಲ್ಲಿ ಕಾರ್ಬೈಡ್ ಮೇಲಿದ್ದ ಹಳೇ ಆಸ್ಬೆಸ್ಟಾಸ್ ಕೇಸುಗಳಿಗೆ 220 ಕೋಟಿ ಡಾಲರ್ ತೆಗೆದಿಟ್ಟರು. ಆಗ ಡೌ ಮಾಲೀಕ ಆಗಿ ಒಂದೂಮುಕ್ಕಾಲು ವರ್ಷ ಮೇಲಾಗಿತ್ತು. ಅಲ್ಲಿಯ ಹಳೇ ಬಾಕಿ ತೀರಿಸಬಹುದು, ಭೋಪಾಲ್‌ದು ಮಾತ್ರ ಬೇರೆಯವರದ್ದು. ಅವರದೇ ದೇಶದ 1980ರ ಸೂಪರ್‌ಫಂಡ್ ಕಾನೂನು ವಿಷ ಸುರಿದವರನ್ನೂ ಹಿಡಿಯುತ್ತದೆ, ಈಗಿನ ಮಾಲೀಕರನ್ನೂ ಹಿಡಿಯುತ್ತದೆ. ನಮ್ಮಲ್ಲೂ ರಾಜಸ್ಥಾನದ ಬಿಚ್ಛಡಿ ಪ್ರಕರಣದಲ್ಲಿ, 1996ರಲ್ಲಿ, ಕೆಡಿಸಿದವರೇ ಸರಿಪಡಿಸುವ ಖರ್ಚನ್ನೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. 2005ರಲ್ಲಿ ಕೇಂದ್ರದ ರಸಾಯನ ಇಲಾಖೆ ಸ್ವಚ್ಛತೆಗೆ ಮುಂಗಡ ಅಂತ 100 ಕೋಟಿ ರೂಪಾಯಿ ಕಟ್ಟಿಸಿ ಎಂದು ಡೌ ವಿರುದ್ಧ ಹೈಕೋರ್ಟಿಗೆ ಹೋಗಿತ್ತು. ಅದೂ ಬರಲಿಲ್ಲ.

ಸರ್ಕಾರದ ತಪ್ಪೂ ಸಣ್ಣದಲ್ಲ. ಅಂಥ ಸ್ಥಿತಿಯಲ್ಲಿದ್ದ ಜಾಗವನ್ನು 1998ರಲ್ಲಿ ಸುಮ್ನೆ ವಾಪಸ್ ತೆಗೆದುಕೊಂಡದ್ದು ಯಾಕೆ? ಮತ್ತೆ, ವಿದೇಶಿ ಕಂಪನಿಗಳು ಮಾತ್ರ ಹೀಗೆ ಅಂದುಕೊಳ್ಳಬೇಡಿ. ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಯಾರವು? ಗಣಿ 2001ರಲ್ಲಿ ಮುಚ್ಚಿತು, ನಡೆಸುತ್ತಿದ್ದದ್ದು ಕೇಂದ್ರ ಸರ್ಕಾರದ ಕಂಪನಿ. ಗಾಳಿ ಎದ್ದರೆ ಆ ದೂಳು ಇವತ್ತಿಗೂ ಊರಿನ ಮೇಲೆ ಬೀಳುತ್ತದೆ.

2025ರ ಜುಲೈನಲ್ಲಿ ಕೇಂದ್ರ ಇಂಥ ಕಲುಷಿತ ಜಾಗಗಳಿಗೆ ಅಂತಲೇ ನಿಯಮ ಮಾಡಿದೆ. ಕೆಡಿಸಿದವರಿಂದ ಖರ್ಚು ವಸೂಲಿ ಮಾಡಬೇಕು, ಅವರು ಸಿಗದಿದ್ದರೆ ಅಥವಾ ಅವರ ಹತ್ತಿರ ದುಡ್ಡಿಲ್ಲದಿದ್ದರೆ ಸರ್ಕಾರಗಳು ಹಾಕಿಕೊಳ್ಳಬೇಕು. ನನಗೆ ಭಯ ಇರುವುದು ಆ ಎರಡನೇ ಭಾಗದ ಬಗ್ಗೆ. ಕಂಪನಿ ಮಾರಿಹೋದ ಮೇಲೆ ಯಾರು ಸಿಗುತ್ತಾರೆ? ಕಾರ್ಖಾನೆ ಲಾಭದಲ್ಲಿ ನಡೆಯುತ್ತಿರುವಾಗಲೇ ಮುಚ್ಚುವ ದಿನದ ಖರ್ಚಿಗೆ ಠೇವಣಿ ಇಡಿಸಬೇಕು, ಮಣ್ಣು ನೀರು ಪರೀಕ್ಷೆ ಆಗುವವರೆಗೆ ಜಾಗ ಮಾರಲು ಬಿಡಬಾರದು.

ಭೋಪಾಲ್‌ಗೆ ಈಗ ಆಗಬೇಕಾದದ್ದು ಇಷ್ಟು. ಹಳೇ ಹೊಂಡಗಳ, ಗುಂಡಿಗಳ ಮಣ್ಣನ್ನು ತೆಗೆದು ಭದ್ರ ಮಾಡಬೇಕು, ವಿಷ ಅಂತರ್ಜಲದಲ್ಲಿ ಎಲ್ಲಿಯವರೆಗೆ ಹೋಗಿದೆ ಅಂತ ಸುತ್ತ ಬೋರ್ ಕೊರೆದು ವರ್ಷ ವರ್ಷ ನೋಡಬೇಕು, ವರದಿಯನ್ನು ಅಲ್ಲಿನ ಜನಕ್ಕೆ ಕೊಡಬೇಕು. ಖರ್ಚಿನ ಬಿಲ್ ಡೌ ಕಂಪನಿಗೆ ಹೋಗಬೇಕು.