ಫ್ರಾನ್ಸ್ ಜೋಸೆಫ್ ಲ್ಯಾಂಡ್ ಒಂದೇ ದೊಡ್ಡ ದ್ವೀಪವೇ? ಅಲ್ಲಿ ಜನ ಇದ್ದಾರೆಯೇ?

ನಕ್ಷೆಯಲ್ಲಿ ಒಂದೇ ಬಿಳಿ ಮುದ್ದೆಯಂತೆ ಕಾಣುತ್ತದೆ, ಹೆಸರಲ್ಲೂ ಲ್ಯಾಂಡ್ ಇದೆ ಎಂದು ಕೇಳಿದ್ದೀರಿ. ಅದು ಒಂದು ದ್ವೀಪವಲ್ಲ. ರಷ್ಯಾದ ಉತ್ತರ ತುದಿಯಲ್ಲಿರುವ ಸುಮಾರು 190 ದ್ವೀಪಗಳ ಗುಂಪು. ಒಟ್ಟು ನೆಲ ಸುಮಾರು 16,000 ಚದರ ಕಿ.ಮೀ., ಅದರಲ್ಲಿ ಶೇ. 85ರಷ್ಟು ಹಿಮನದಿಗಳ ಅಡಿಯಲ್ಲಿದೆ. ನಾನು ಅಲ್ಲಿಗೆ ಹೋದವನಲ್ಲ. ಆದರೆ ಧ್ರುವಪ್ರದೇಶದ ಹಳೆಯ ನಕ್ಷೆಗಳೆಂದರೆ ನನಗೆ ಪ್ರಾಣ, ಅದರಲ್ಲೂ ಈ ದ್ವೀಪಗಳ ನಕ್ಷೆಗಳು.

ಏಕೆಂದರೆ ನಿಮಗೆ ಬಂದ ಅನುಮಾನವೇ ಅದನ್ನು ಮೊದಲು ಅಳೆದವರನ್ನೂ ದಾರಿ ತಪ್ಪಿಸಿತ್ತು. ಆಸ್ಟ್ರಿಯಾ-ಹಂಗೇರಿಯ ಟೆಗೆಟ್‌ಹಾಫ್ ಹಡಗು 1872ರಲ್ಲಿ ಮಂಜುಗಡ್ಡೆಯಲ್ಲಿ ಸಿಕ್ಕಿ, ವರ್ಷವಿಡೀ ತೇಲುತ್ತಾ ಹೋಗಿ, 1873ರ ಆಗಸ್ಟ್ ಕೊನೆಗೆ ಈ ನೆಲವನ್ನು ಕಂಡಿತು. ತಮ್ಮ ಚಕ್ರವರ್ತಿಯ ಹೆಸರನ್ನೇ ಅದಕ್ಕಿಟ್ಟರು. ಮರುವರ್ಷ ಆ ತಂಡದ ಯೂಲಿಯಸ್ ಪಾಯರ್ ಸ್ಲೆಡ್ಜ್ ಎಳೆದುಕೊಂಡು ಉತ್ತರದ ತುದಿಯವರೆಗೂ ಹೋಗಿ ನಕ್ಷೆ ಬರೆದ. ದ್ವೀಪಗಳ ನಡುವಿನ ಜಲಸಂಧಿಗಳೂ ಹೆಪ್ಪುಗಟ್ಟಿದ್ದರಿಂದ ನೆಲ ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಪಶ್ಚಿಮದ ಹತ್ತಾರು ದ್ವೀಪಗಳನ್ನು ಅವನು ಒಂದೇ ಭೂಭಾಗವೆಂದುಕೊಂಡ. ಇನ್ನೂ ಉತ್ತರಕ್ಕೆ ಪೀಟರ್‌ಮನ್ ಲ್ಯಾಂಡ್ ಎಂಬ ಇಲ್ಲದ ನೆಲವನ್ನೂ ಗುರುತಿಸಿದ. ಅವನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆ ಚಳಿಯಲ್ಲಿ ಅಷ್ಟು ಅಳೆದದ್ದೇ ದೊಡ್ಡದು. ಆದರೆ 1895ರಲ್ಲಿ ಉತ್ತರದಿಂದ ನಡೆದು ಬಂದ ನಾರ್ವೆಯ ಅನ್ವೇಷಕರಾದ ನಾನ್ಸೆನ್ ಮತ್ತು ಯೋಹಾನ್ಸೆನ್‌ಗೆ ಕಣ್ಣೆದುರಿನ ನೆಲ ಆ ನಕ್ಷೆಗೆ ತಾಳೆಯಾಗಲೇ ಇಲ್ಲ. ಕಲ್ಲು, ವಾಲ್ರಸ್ ಚರ್ಮದ ಗುಡಿಸಲಲ್ಲಿ ಚಳಿಗಾಲ ಕಳೆದು, 1896ರ ಜೂನ್‌ನಲ್ಲಿ ಬ್ರಿಟಿಷ್ ಅನ್ವೇಷಕ ಜಾಕ್ಸನ್ ಎದುರಾದ ಮೇಲೆಯೇ ತಾವೆಲ್ಲಿದ್ದೇವೆಂದು ಅವರಿಗೆ ಖಚಿತವಾದದ್ದು.

ಹಿಮ ಬಿಟ್ಟ ಜಾಗದಲ್ಲಿ ಕಾಣುವುದು ಲಾವಾ ಆರಿ ಆದ ಕರಿ ಬಸಾಲ್ಟ್. ಹೂಕರ್ ದ್ವೀಪದ ರುಬಿನಿ ಬಂಡೆಯಲ್ಲಿ ಅದು ಕಂಬಕಂಬವಾಗಿ ನಿಂತಿದೆ (ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪ ನೋಡಿದವರಿಗೆ ಆ ಕಂಬಗಳ ಅಂದಾಜು ಸಿಗುತ್ತದೆ). ಬೇಸಿಗೆಯಲ್ಲಿ ಅದರ ಸಂದುಗಳಲ್ಲೆಲ್ಲ ಕಡಲಹಕ್ಕಿಗಳ ಗೂಡು. ಮರವಿಲ್ಲ, ಪಾಚಿ, ಕಲ್ಲುಹೂವು, ಅಲ್ಲಲ್ಲಿ ಆರ್ಕ್ಟಿಕ್ ಗಸಗಸೆಯ ಹೂ.

ಊರು, ಕೇರಿ ಯಾವುದೂ ಇಲ್ಲ. ಇರುವವರು ಸೈನಿಕರು, ಹವಾಮಾನ ಕೇಂದ್ರದವರು ಮತ್ತು ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ.

ದ್ವೀಪಗಳ ಲೆಕ್ಕ ಹೇಳುವಾಗ ಸುಮಾರು ಎಂದೆ. ಜಾಕ್ಸನ್ ಬೀಡುಬಿಟ್ಟಿದ್ದ ನಾರ್ತ್‌ಬ್ರೂಕ್ ದ್ವೀಪವನ್ನೇ ನೋಡಿ: ಒಂದೇ ಎಂದುಕೊಂಡಿದ್ದದ್ದು ಹಿಮ ಕರಗಿದ ಮೇಲೆ ನಡುವೆ ನೀರು ಹರಿದು ಎರಡಾಗಿ ಕಂಡಿತು.