ಇಷ್ಟು ಓದಿದರೂ ಧೈರ್ಯ ಯಾಕೆ ಬರುತ್ತಿಲ್ಲ?

ಪ್ರಿಯ ಸೋದರಿ,

ದಾವಣಗೆರೆಯಿಂದ ನೀವು ಬರೆದ ಪತ್ರ ಸಿಕ್ಕಿತು. ಎಫ್‌ಡಿಎ, ಅಂದರೆ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕರ ಹುದ್ದೆಯ ಪರೀಕ್ಷೆ ಎರಡು ಸಲ ಬರೆದಿದ್ದೀರಿ, ಎರಡು ಸಲವೂ ಪಟ್ಟಿಯಲ್ಲಿ ಹೆಸರಿಲ್ಲ. ದಿನವಿಡೀ ಲೈಬ್ರರಿಯಲ್ಲೇ ಇರುತ್ತೀರಿ, ಆದರೂ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಕೈಕಾಲು ತಣ್ಣಗಾಗುತ್ತವೆ. ನಿಮ್ಮಣ್ಣ "ನಿನಗೆ ಕಾನ್ಫಿಡೆನ್ಸ್ ಇಲ್ಲ" ಅನ್ನುತ್ತಾರೆ, ಚಿಕ್ಕಪ್ಪ "ಇನ್ನೂ ಕಷ್ಟಪಡಬೇಕು" ಅನ್ನುತ್ತಾರೆ. ಯಾರ ಮಾತು ಸರಿ ಅಂತ ಕೇಳಿದ್ದೀರಿ.

ಇಬ್ಬರದ್ದೂ ಅರ್ಧ ಮಾತು. ಹುದ್ದೆಗಳು ಕೆಲವೇ, ಬರೆಯುವವರು ಲಕ್ಷಗಟ್ಟಲೆ. ಹಾಗಾಗಿ ಎರಡು ಸಲ ಆಗಲಿಲ್ಲ ಅಂದ ಮಾತ್ರಕ್ಕೆ ನೀವು ದಡ್ಡರಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಆದರೆ "ಒಂದೇ ಪುಸ್ತಕ ನಾಲ್ಕು ಸಲ ಓದಿ ಮುಗಿಸಿದೆ" ಅಂತ ಬರೆದಿದ್ದೀರಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲೇ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ನಾಲ್ಕು ಸರದಿ ಓದಲು ಕೊಟ್ಟರು. ಇನ್ನು ಕೆಲವರು ಒಂದು ಸರದಿ ಓದಿ, ಉಳಿದ ಮೂರು ಸರದಿ ಪುಸ್ತಕ ನೋಡದೆ ನೆನಪಿಗೆ ಬಂದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ, ಬರೆದವರಿಗೆ ಶೇ. 60ರಷ್ಟು ನೆನಪಿತ್ತು, ಓದಿದವರಿಗೆ ಶೇ. 40ರಷ್ಟು. ಅಷ್ಟೇ ಅಲ್ಲ, ತಮಗೆ ಚೆನ್ನಾಗಿ ನೆನಪಿರುತ್ತೆ ಅನ್ನುವ ಭರವಸೆ ಜಾಸ್ತಿ ಇದ್ದದ್ದು ಓದಿದವರಿಗೇ! ಓದ್ತಾ ಓದ್ತಾ ಅಕ್ಷರ ಪರಿಚಯವಾಗುತ್ತೆ, ನಮಗೆ ಬಂತು ಅಂದುಕೊಳ್ಳುತ್ತೇವೆ. ಆ ಭರವಸೆ ಪರೀಕ್ಷಾ ಕೊಠಡಿಯಲ್ಲಿ ಕೈಕೊಡುತ್ತೆ.

ನಿಮ್ಮ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ ಅಂದಿದ್ದೀರಿ. ಅವರನ್ನೇ ನೋಡಿ. ಮರಳು ಕಾದಿದೆಯೋ ಇಲ್ಲವೋ ಅಂತ ಸುಮ್ನೆ ಯೋಚಿಸುತ್ತಾ ಕೂರುವುದಿಲ್ಲ. ಉಪ್ಪುನೀರು ಹಿಡಿದ ಅಕ್ಕಿ ಒಂದು ಹಿಡಿ ಹಾಕಿ ನೋಡುತ್ತಾರೆ. ಚಟಪಟ ಅರಳಿದರೆ ಸರಿ, ಅರಳದಿದ್ದರೆ ಉರಿ ಜಾಸ್ತಿ ಮಾಡುತ್ತಾರೆ, ಕೆಂಪಗಾದರೆ ಕಡಿಮೆ ಮಾಡುತ್ತಾರೆ. ಒಂದು ಹಿಡಿ ಹಾಳಾಯಿತು ಅಂತ ಯಾರೂ ಅಳುವುದಿಲ್ಲ, ಅಲ್ವಾ? ಅವರ ಕೈಯ ಧೈರ್ಯ ಹೀಗೆ ನೋಡಿ ನೋಡಿ ಬಂದದ್ದು.

ನೀವೂ ಪುಸ್ತಕ ಮುಚ್ಚಿ. ಹಳೇ ಪ್ರಶ್ನೆಪತ್ರಿಕೆ ತಗೊಂಡು, ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ. ಪ್ರತಿ ಉತ್ತರದ ಪಕ್ಕ 'ಗ್ಯಾರಂಟಿ', 'ಡೌಟು', 'ಗೊತ್ತಿಲ್ಲ' ಅಂತ ಗುರುತು ಹಾಕಿ. ಗ್ಯಾರಂಟಿ ಅಂದದ್ದು ತಪ್ಪಾಗಿದ್ದರೆ ಮೊದಲು ಓದಬೇಕಾದ್ದು ಅದನ್ನೇ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ ಅಂತ ಹೆದರಿ ತುಂಬಾ ಪ್ರಶ್ನೆ ಬಿಟ್ಟೆ ಅಂದಿದ್ದೀರಿ. ನಾಲ್ಕರಲ್ಲಿ ಎರಡು ಉತ್ತರ ಖಂಡಿತ ತಪ್ಪು ಅಂತ ಗೊತ್ತಿದ್ದರೆ, ಉಳಿದೆರಡರಲ್ಲಿ ಒಂದನ್ನು ಆರಿಸುವುದೇ ಲೆಕ್ಕದ ಪ್ರಕಾರ ಲಾಭ. ಶುರುವಿನಲ್ಲಿ ಅಂಕ ನೋಡಿ ಬೇಜಾರಾಗುತ್ತೆ. ಆಗಲಿ, ಮನೆಯಲ್ಲಿ ಆಗುವ ಬೇಜಾರು ಅಗ್ಗ.

ಇನ್ನು, ಮಂಡಿಪೇಟೆಯ ಅಂಗಡಿಯಲ್ಲಿ ಅರ್ಧ ದಿನ ಲೆಕ್ಕ ಬರೆಯುವ ಕೆಲಸಕ್ಕೆ ಹೋದರೆ ಸೋತ ಹಾಗೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ, ಹೋಗಿ. ಕೈಯಲ್ಲಿ ಸ್ವಂತ ದುಡ್ಡಿದ್ದರೆ ಮನೆಯಲ್ಲಿ ಇನ್ನೊಂದು ವರ್ಷ ಕೇಳುವುದಕ್ಕೂ ನಾಲಿಗೆ ಏಳುತ್ತೆ. ಈಗ ಹೇಳಿದ ಹಾಗೆ ಓದುವುದಕ್ಕೆ ಉಳಿದ ಅರ್ಧ ದಿನ ಸಾಕು.