ಫ್ಲಾಸ್ಕ್ ಎಲ್ಲಿದೆ?

ಮಾನ್ಯರೇ,

ನಮಸ್ಕಾರ. ಹೆಸರು ಬೇಡ, ಊರು ಮಾತ್ರ ಹಾಕಿ ಎಂದಿದ್ದೀರಿ, ಹಾಗೆಯೇ ಆಗಲಿ. ಸಾಗರದಿಂದ ಬಂದ ನಿಮ್ಮ ನಾಲ್ಕು ಪುಟದ ಪತ್ರವನ್ನು ನಮ್ಮ ಬಳಗದ ಐದೂ ಜನ ಓದಿದ್ದೇವೆ. ಪೂರ್ತಿ ಅಚ್ಚು ಮಾಡಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ತಿರುಳನ್ನು ಇಲ್ಲಿ ಹೇಳಿಬಿಡುತ್ತೇನೆ.

ಕಳೆದ ಸಂಚಿಕೆಯಲ್ಲಿ ಬೀದಿಬದಿಯ ಒಂಟಿ ಜನರನ್ನು ಕುರಿತು ಎಂಟು ಫೋಟೊಗಳ ಮಾಲೆಯೊಂದನ್ನು ಪ್ರಕಟಿಸಿದ್ದೆವು. ಮೊದಲನೆಯದು ತಿಪಟೂರಿನ ಬಸ್ ನಿಲ್ದಾಣದಲ್ಲಿ ನಸುಕಿನಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತ ಹಿರಿಯರೊಬ್ಬರದು. ತಲೆಗೆ ಮಫ್ಲರ್, ತೊಡೆಯ ಮೇಲೆ ಬಟ್ಟೆಯ ಚೀಲ, ಹಿಂದೆ ಬಸ್ಸಿಲ್ಲದ ಅಂಕಣ. ಕೆಳಗೆ ‘ಯಾರೂ ಇಲ್ಲದ ಒಂಟಿ ಜೀವ’ ಎಂದು ಹಾಕಿದ್ದೆವು. ಯಾರೂ ಇಲ್ಲ ಎಂದು ನಿಮಗೆ ಹೇಳಿದವರು ಯಾರು ಎಂಬುದು ನಿಮ್ಮ ಮೊದಲ ಪ್ರಶ್ನೆ. ಎಂಟರಲ್ಲಿ ಆರು ಫೋಟೊಗಳಲ್ಲಿ ಬೆನ್ನು, ಕೊಡೆ, ನೆರಳು ಇವುಗಳನ್ನು ಬಿಟ್ಟರೆ ಬೇರೇನೂ ಇಲ್ಲವೇಕೆ ಎಂಬುದು ಎರಡನೆಯದು. ಅವರನ್ನು ಕೇಳಿ ತೆಗೆದಿರಾ ಎಂಬುದು ಮೂರನೆಯದು. ಇವುಗಳ ನಡುವೆ, ಮರೆತುಹೋದದ್ದು ನೆನಪಾಯಿತೇನೋ ಎಂಬಂತೆ, ಪುಟದ ಅಂಚಿನಲ್ಲಿ ಅಡ್ಡಡ್ಡ ಬರೆದ ಒಂದು ಸಾಲು: ‘ಆ ಹಿರಿಯರ ಕೈಯಲ್ಲಿರುವುದು ಲೋಟವಲ್ಲ, ಫ್ಲಾಸ್ಕಿನ ಮುಚ್ಚಳ. ಹಾಗಾದರೆ ಫ್ಲಾಸ್ಕ್ ಎಲ್ಲಿದೆ?’

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು ನೀವು. ನಕಲು ಹಿಡಿಯುವ ಕಣ್ಣು ಇನ್ನೂ ಹಾಗೆಯೇ ಇದೆ.

ಫ್ಲಾಸ್ಕ್ ನಮ್ಮ ಕಚೇರಿಯಲ್ಲಿತ್ತು. ನಿಮ್ಮ ಪತ್ರ ಬಂದ ದಿನ ಸಂಜೆ ಛಾಯಾಗ್ರಾಹಕರು ಕಳುಹಿಸಿದ್ದ ಮೂಲ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅದು ಅಡ್ಡ ಚಿತ್ರ; ನಮಗೆ ಬೇಕಾಗಿದ್ದದ್ದು ಪುಟ ತುಂಬುವ ಉದ್ದ ಚಿತ್ರ. ಪುಟ ಕಟ್ಟುವಾಗ ಬಲಗಡೆಯಿಂದ ಸುಮಾರು ಮೂರನೇ ಒಂದು ಪಾಲನ್ನು ಕತ್ತರಿಸಿದ್ದೆವು. ಕತ್ತರಿಸಿ ಎಂದು ಹೇಳಿದವನು ನಾನೇ. ಆ ಪಾಲಿನಲ್ಲಿ ಬೆಂಚಿನ ಉಳಿದ ಭಾಗವಿದೆ. ಅದರ ಮೇಲೆ ತೆರೆದ ಫ್ಲಾಸ್ಕ್, ಅದನ್ನು ಹಿಡಿದ ಒಂದು ಕೈ. ಕೈಗೆ ಹಸಿರು ಗಾಜಿನ ಬಳೆ, ಮಣಿಕಟ್ಟಿನವರೆಗೂ ಬಂದ ಸ್ವೆಟರಿನ ತೋಳು. ಮುಖ ಮೂಲದಲ್ಲೂ ಇಲ್ಲ. ಚೌಕಟ್ಟು ಅಲ್ಲಿಗೇ ಮುಗಿಯುತ್ತದೆ. ಫ್ಲಾಸ್ಕಿನ ಬಾಯಿಂದ ಏಳುತ್ತಿರುವ ಹಬೆ ಮಾತ್ರ ಹಿರಿಯರ ಭುಜದವರೆಗೂ ಬಂದಿದೆ. ನಾವು ಅಚ್ಚು ಮಾಡಿದ ಫೋಟೊದಲ್ಲೂ ಆ ಹಬೆಯ ಚೂರು ಉಳಿದಿತ್ತು. ಮಂಜು ಎಂದುಕೊಂಡಿದ್ದೆ. ‘ಮಂಜಿನಲ್ಲಿ’ ಎಂಬ ಪದವನ್ನು ಅಡಿಬರಹಕ್ಕೆ ಸೇರಿಸಬೇಕೆಂದೂ ಇದ್ದೆ, ಜಾಗ ಸಾಲಲಿಲ್ಲ.

ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ: ಯಾರೂ ಹೇಳಲಿಲ್ಲ. ಛಾಯಾಗ್ರಾಹಕರು ಫೋಟೊದ ಜೊತೆಗೆ ಊರು ಮತ್ತು ಸಮಯ ಬಿಟ್ಟು ಬೇರೇನನ್ನೂ ಬರೆದಿರಲಿಲ್ಲ. ಕತ್ತರಿಯೂ ನನ್ನದು, ಪದವೂ ನನ್ನದು. ಅವರನ್ನು ದಯವಿಟ್ಟು ಬೈಯಬೇಡಿ.

‘ಒಂಟಿ’ ಎಂಬ ಈ ಪದ ನಮ್ಮ ಕಸುಬಿನವರ ಕೈಗೆ ಬಹಳ ಸುಲಭವಾಗಿ ಸಿಗುತ್ತದೆ. ‘ಒಂಟಿ ಸಲಗ’ ಎಂದು ಹಾಕಿದರೆ ಕಾಡಂಚಿನ ಊರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ‘ಒಂಟಿ ಮಹಿಳೆ’ ಎಂದು ಶೀರ್ಷಿಕೆಯಲ್ಲಿ ಕಂಡರೆ ಸರಗಳ್ಳತನದ ಸುದ್ದಿ ಎಂದು ಓದುವ ಮೊದಲೇ ತಿಳಿಯುತ್ತದೆ. ‘ಒಂಟಿ ಮುದುಕ’ ಎಂದರೆ ಅಯ್ಯೋ ಪಾಪ. ‘ಏಕಾಂತ’ ಎಂದು ಬರೆದರೆ ತುಸು ಮೇಲ್ದರ್ಜೆಯ ಭಾವ ಬರುತ್ತದೆ. ಕೊಳದ ದಂಡೆ, ಧ್ಯಾನ, ಕವಿತೆ ಎಲ್ಲ ಹಿಂಬಾಲಿಸುತ್ತವೆ. ಒಬ್ಬರೇ ಕುಳಿತವರು ಒಂಟಿಯೋ ಏಕಾಂತದಲ್ಲಿದ್ದಾರೋ ಎಂಬುದು ಅವರಿಗೆ ಮಾತ್ರ ಗೊತ್ತು, ಕೆಲವೊಮ್ಮೆ ಅವರಿಗೂ ಗೊತ್ತಿರುವುದಿಲ್ಲ. ಕ್ಯಾಮೆರಾ ಕಾಣಬಲ್ಲದ್ದನ್ನು ಹೇಳುವುದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ: ‘ತಮ್ಮ ಪಾಡಿಗೆ ತಾವು’. ಅದರಲ್ಲಿ ಮರುಕವೂ ಇಲ್ಲ, ಹೊಗಳಿಕೆಯೂ ಇಲ್ಲ. ನೂರು ಜನರ ನಡುವೆಯೂ ಹಾಗಿರಬಹುದು, ಪಕ್ಕದಲ್ಲಿ ಫ್ಲಾಸ್ಕ್ ಹಿಡಿದವರು ಇರುವಾಗಲೂ ಇರಬಹುದು.

ಇಷ್ಟಾದ ಮೇಲೆ ನೀವು ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ. ಬೀದಿಯಲ್ಲಿ ತೆಗೆದ ಒಂಟಿತನದ ಫೋಟೊಗಳೆಲ್ಲ ಹೀಗೆ ಕಟ್ಟಿದ ಸುಳ್ಳುಗಳೇ ಎಂದಿದ್ದೀರಿ. ಅದನ್ನು ಒಪ್ಪಲಾರೆ. ಯಾಕೆಂದರೆ ಲಿಫ್ಟಿನ ಹುಡುಗಿಯೊಬ್ಬಳಿದ್ದಾಳೆ.

ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ 1955ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದು ಆ ದೇಶವನ್ನು ಕಾರಿನಲ್ಲಿ ಸುತ್ತಿದರು. ತೆಗೆದದ್ದು 27 ಸಾವಿರಕ್ಕೂ ಹೆಚ್ಚು ಚಿತ್ರ, ಪುಸ್ತಕದಲ್ಲಿ ಉಳಿಸಿಕೊಂಡದ್ದು 83. ಅವುಗಳಲ್ಲೊಂದು ಮಯಾಮಿ ಬೀಚಿನ ಹೋಟೆಲೊಂದರ ಲಿಫ್ಟಿನದು. ಹೊರಗೆ ನುಗ್ಗುತ್ತಿರುವ ಜನ ಬರೀ ಮಸುಕು; ಗುಂಡಿಗಳ ಪಕ್ಕದಲ್ಲಿ ನಿಂತ ಲಿಫ್ಟ್ ನಡೆಸುವ ಹುಡುಗಿ ಮಾತ್ರ ಸ್ಪಷ್ಟ. ಕಣ್ಣು ಎತ್ತಿ ಎತ್ತಲೋ ನೋಡುತ್ತಿದ್ದಾಳೆ. 1959ರಲ್ಲಿ ಅಮೆರಿಕದಲ್ಲಿ ಪುಸ್ತಕ ಬಂದಾಗ ಮುನ್ನುಡಿ ಬರೆದವರು ಕಾದಂಬರಿಕಾರ ಜ್ಯಾಕ್ ಕೆರೂವಾಕ್. ಅವರು ಅದರಲ್ಲಿ ಅವಳನ್ನು ಒಂಟಿ ಹುಡುಗಿ ಎಂದು ಕರೆದು, ಹೆಸರು ವಿಳಾಸ ಕೇಳಿದರು. ಚಿತ್ರ ತೆಗೆದಾಗ ಹುಡುಗಿಗೆ 15 ವರ್ಷ. ಆ ಹುಡುಗಿಯಿಂದ ಉತ್ತರ ಬಂದದ್ದು ದಶಕಗಳ ನಂತರ. ಸ್ಯಾನ್‌ಫ್ರಾನ್ಸಿಸ್ಕೊದ ಕಲಾ ಸಂಗ್ರಹಾಲಯದ ಗೋಡೆಯ ಮೇಲೆ ತೂಗುಹಾಕಿದ್ದ ಆ ಚಿತ್ರ ಯಾಕೋ ಸೆಳೆಯಿತು. ನಿಂತು ನೋಡುತ್ತ ನೋಡುತ್ತ, ಇದು ನಾನೇ ಅಲ್ಲವೇ ಎಂದು ಗುರುತು ಹತ್ತಿತು.

ಆಮೇಲೆ ಅವರು ಹೇಳಿದ ಮಾತು ನನ್ನಂಥವನಿಗೂ ನಿಮ್ಮಂಥವರಿಗೂ ಪೂರ್ತಿ ಅನುಕೂಲವಾಗಿಲ್ಲ. ‘ನಾನೇನೂ ಒಂಟಿಯಾಗಿರಲಿಲ್ಲ, ಇವರು ಕಥೆ ಕಟ್ಟಿದರು’ ಎಂದಿದ್ದರೆ ನೀವು ಗೆದ್ದಿರಿ. ಅವರು ಹಾಗೆ ಅನ್ನಲಿಲ್ಲ. ದೊಡ್ಡ ನಗೆಯ, ತಮಾಷೆ ಮಾಡುವ ಹೆಂಗಸು ಎಂದೇ ಜನ ತಮ್ಮನ್ನು ಬಲ್ಲರು, ಫ್ರಾಂಕ್ ಮತ್ತು ಕೆರೂವಾಕ್ ಅದಕ್ಕಿಂತ ಆಳದಲ್ಲಿದ್ದ ಏನನ್ನೋ ಕಂಡಿರಬೇಕು ಎಂಬ ಅರ್ಥದಲ್ಲಿ ಮಾತನಾಡಿದರು. ಅಂದರೆ ಕ್ಷಣದ ಒಂದು ಚೂರಿನಲ್ಲಿ ತೆಗೆದ ಫೋಟೊ ಮನೆಯವರೂ ಕಾಣದ್ದನ್ನು ಕಂಡಿರುವುದು ಸಾಧ್ಯ. ನಾನು ಆ ಪುಸ್ತಕದಲ್ಲಿ ಗಮನಿಸಿದ ಇನ್ನೊಂದು ಸಂಗತಿ: ಫ್ರಾಂಕ್ ಆ ಚಿತ್ರಕ್ಕೆ ಕೊಟ್ಟ ಹೆಸರು ‘ಲಿಫ್ಟ್, ಮಯಾಮಿ ಬೀಚ್’ ಎನ್ನುವಷ್ಟೇ. ಒಂಟಿ ಎಂಬ ಪದ ಮುನ್ನುಡಿಯಿಂದ ಬಂದದ್ದು. ಬರೆಯುವ ಜನ ನಾವು. ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ.

ಇನ್ನು ಬೆನ್ನು, ಕೊಡೆ, ನೆರಳು. ಇಲ್ಲಿ ನಿಮ್ಮ ಮಾತು ನೂರಕ್ಕೆ ತೊಂಬತ್ತು ಸರಿ. ತಿಂಗಳಿಗೆ ನಮಗೆ ಬರುವ ಫೋಟೊಗಳಲ್ಲಿ ಬಿಸಿಲುಗೋಡೆಯ ಬುಡದಲ್ಲಿ ನಡೆಯುವ ಒಬ್ಬ ವ್ಯಕ್ತಿ ಇಲ್ಲದ ಕಂತು ಇಲ್ಲ. ದೂರದಿಂದ, ಉದ್ದದ ಲೆನ್ಸಿನಲ್ಲಿ, ಬೆನ್ನ ಹಿಂದಿನಿಂದ. ಇದು ಸೌಂದರ್ಯಪ್ರಜ್ಞೆಯಲ್ಲ, ಬಹುಮಟ್ಟಿಗೆ ಅಂಜಿಕೆ. ಬೆನ್ನಿಗೆ ಮುಖವಿಲ್ಲವಾದ್ದರಿಂದ ಯಾವ ಅಡಿಬರಹ ಅಂಟಿಸಿದರೂ ಅದು ಬೇಡ ಎನ್ನುವುದಿಲ್ಲ.

ಈ ಗೋಡೆ ನೆರಳಿನ ಚಿತ್ರಗಳ ಮೂಲಪುರುಷ ಎಂದು ಹಲವರು ಪೂಜಿಸುವ ಫ್ಯಾನ್ ಹೋ ಅವರ ಕಥೆ ನಿಮಗೆ ಇಷ್ಟವಾಗಬಹುದು. ಶಾಂಘೈಯಲ್ಲಿ ಹುಟ್ಟಿ, ಮುಂದೆ ಹಾಂಗ್‌ಕಾಂಗಿಗೆ ಬಂದು ನೆಲೆಸಿದವರು. 1954ರಲ್ಲಿ ಅವರು ತೆಗೆದ ಚಿತ್ರದಲ್ಲಿ ಭಾರೀ ಬಿಳಿ ಗೋಡೆ, ಅದನ್ನು ಓರೆಯಾಗಿ ಸೀಳುವ ಕಡುಗಪ್ಪು ನೆರಳು, ಅದರ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಯುವತಿ. ನಗರದ ಒಂಟಿತನಕ್ಕೆ ಇದಕ್ಕಿಂತ ದೊಡ್ಡ ಲಾಂಛನವಿಲ್ಲ. ಆ ಯುವತಿ ಅವರ ಸೋದರ ಸಂಬಂಧಿ; ಬಂದು ನಿಲ್ಲು ಎಂದು ಕರೆದುಕೊಂಡು ಹೋಗಿದ್ದರು. ಆ ನೆರಳು ಗೋಡೆಯ ಮೇಲೆ ಇರಲೇ ಇಲ್ಲ. ಕತ್ತಲೆಕೋಣೆಯಲ್ಲಿ ಮುದ್ರಿಸುವಾಗ ಸೇರಿಸಿದ್ದು. ಅವರು ಇದನ್ನು ಮುಚ್ಚಿಡಲಿಲ್ಲ, ಆದ್ದರಿಂದ ಮೋಸ ಎನ್ನಲಾರೆ. ಚೆಲುವಾದ ಚಿತ್ರ. ಆದರೆ ಅದನ್ನು ನೋಡಿ ಕ್ಯಾಮೆರಾ ಹೆಗಲಿಗೇರಿಸಿ ಬೀದಿಗಿಳಿದ ಹುಡುಗರು ಇಲ್ಲದ ನೆರಳನ್ನು ಹುಡುಕುತ್ತಿದ್ದಾರೆ. (ಗೊತ್ತಿಲ್ಲದ ಹಾಗೆ ಸಹಜವಾಗಿ ತೆಗೆದದ್ದು ಎಂಬ ಅರ್ಥದ ‘ಕ್ಯಾಂಡಿಡ್’ ಪದದ ಗತಿಯೂ ಹೀಗೆಯೇ ಆಗಿದೆ. ನಮ್ಮ ಮದುವೆಗಳಲ್ಲಿ ‘ಕ್ಯಾಂಡಿಡ್’ ಫೋಟೊಗೆ ಬೇರೆ ದರ. ಮದುಮಗಳಿಗೆ ‘ಮೇಡಂ, ಗೊತ್ತೇ ಇಲ್ಲದ ಹಾಗೆ ಆ ಕಡೆ ನೋಡಿ’ ಎಂದು ಮೂರು ಬಾರಿ ಹೇಳಲಾಗುತ್ತದೆ.)

ಆದರೂ ಕೊಡೆಯನ್ನು ಬೈಯುವುದು ಬೇಡ. ಅಮೆರಿಕದ ಛಾಯಾಗ್ರಾಹಕ ಸಾಲ್ ಲೈಟರ್ 1950ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಮೇಲಿನಿಂದ ತೆಗೆದ ಫೋಟೊ ಒಂದಿದೆ. ಹಿಮ ಬಿದ್ದ ದಾರಿ, ಹೆಜ್ಜೆ ಗುರುತು, ಒಂದು ಕೆಂಪು ಕೊಡೆ. ಮುಖ ಕಾಣುವುದಿಲ್ಲ. ಹಾಗಿದ್ದೂ ಅದು ನಮ್ಮಲ್ಲಿಗೆ ಬರುವ ಕಂತುಗಳಂತಿಲ್ಲ. ಆ ವ್ಯಕ್ತಿಯ ಬಗ್ಗೆ ಏನನ್ನೂ ನಂಬಿಸಲು ಹೊರಟಿಲ್ಲ. ಲೈಟರ್ ಹಬೆಗಟ್ಟಿದ ಗಾಜಿನ ಹಿಂದಿನಿಂದ, ಹಲಗೆಗಳ ಸಂದಿಯಿಂದ ಬೀದಿಯನ್ನು ನೋಡಿದವರು. 1957ರ ಒಂದು ಚಿತ್ರದಲ್ಲಂತೂ ಹೆಚ್ಚಿನ ಭಾಗ ಬರೀ ಕತ್ತಲೆಯ ಹಲಗೆ, ನಡುವಿನ ಸೀಳಿನಲ್ಲಿ ಅಷ್ಟೇ ಲೋಕ. ನಾನು ಪೂರ್ತಿ ನೋಡಿಲ್ಲ ಎಂದು ಚಿತ್ರವೇ ಒಪ್ಪಿಕೊಳ್ಳುತ್ತದೆ. ನಮ್ಮ ತಿಪಟೂರಿನ ಪುಟ ಒಪ್ಪಿಕೊಳ್ಳದೇ ಇದ್ದದ್ದು ಅದನ್ನೇ.

ಬೀದಿಯ ಫೋಟೊದಲ್ಲಿ ಒಬ್ಬನೇ ಉಳಿಯುವುದು ನಮ್ಮ ಕಾಲದ ಚಾಳಿ ಎಂದು ಬರೆದಿದ್ದೀರಿ. ಇಲ್ಲ, ಅದು ಮೊದಲ ದಿನದಿಂದಲೂ ಇದೆ. 1838ರಲ್ಲಿ ಫೋಟೊಗ್ರಫಿಯ ಆದ್ಯರಲ್ಲೊಬ್ಬರಾದ ಲೂಯಿ ಡಾಗೇರ್ ಪ್ಯಾರಿಸಿನ ಬುಲ್ವಾರ್ ದ್ಯು ಟಾಂಪ್ಲ್ ಎಂಬ ಅಗಲ ಬೀದಿಯ ಫೋಟೊವನ್ನು ಕಿಟಕಿಯಿಂದ ತೆಗೆದರು. ಬಂಡಿ, ಕುದುರೆ, ಜನ ಕಿಕ್ಕಿರಿದ ರಸ್ತೆ. ಫೋಟೊ ಮೂಡಿಸಲು ಆಗ ಬಳಸುತ್ತಿದ್ದ ಲೋಹದ ತಟ್ಟೆಗೆ ಬೆಳಕು ಹಿಡಿಯಲು ಕೆಲವು ನಿಮಿಷ ಬೇಕಾಗುತ್ತಿತ್ತು. ಓಡಾಡುವವರು ಯಾರೂ ಅದರ ಮೇಲೆ ಉಳಿಯಲಿಲ್ಲ. ನಿರ್ಜನ ಬೀದಿಯ ಮೂಲೆಯಲ್ಲಿ ಕಾಲು ಚಾಚಿ ನಿಂತ ಒಬ್ಬ ಗಂಡಸು ಮಾತ್ರ ಉಳಿದ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯ ಎಂದು ಅವನನ್ನು ಹೇಳುತ್ತಾರೆ. ಅವನು ನಿಂತಿದ್ದೇಕೆ? ಬೂಟು ಪಾಲಿಶ್ ಮಾಡಿಸಿಕೊಳ್ಳಲು. ಕಾಲ ಬಳಿ ಪಾಲಿಶ್ ಮಾಡುವವನೂ ಇದ್ದಾನೆ. ಅವನು ಕೆಲಸದಲ್ಲಿದ್ದುದರಿಂದ ಮಸುಕು. ಲೆಕ್ಕ ಹೇಳುವಾಗ ಅವನನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಫ್ಲಾಸ್ಕ್ ಹಿಡಿದ ಕೈಯನ್ನು ನಾನು ಬಿಟ್ಟ ಹಾಗೆ.

ಕೇಳಿ ತೆಗೆದಿರಾ ಎಂಬ ಪ್ರಶ್ನೆಗೆ: ಇಲ್ಲ. ಕೇಳಿದ್ದರೆ ಹಿರಿಯರು ಮಫ್ಲರ್ ಬಿಚ್ಚಿ, ಬೆನ್ನು ನೆಟ್ಟಗೆ ಮಾಡಿ, ಚೀಲವನ್ನು ಕೆಳಗಿಟ್ಟು ಕ್ಯಾಮೆರಾ ನೋಡುತ್ತಿದ್ದರು. ಅದೂ ಒಳ್ಳೆಯ ಫೋಟೊವೇ, ಆದರೆ ಬೇರೆ ಫೋಟೊ. ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿ, ಗುಂಡಿಗಳ ಸಂದಿಯಿಂದ ಲೆನ್ಸ್ ಇಣುಕಿಸಿ, ತೋಳಿನೊಳಗೆ ಕ್ಲಿಕ್ ಮಾಡುವ ತಂತಿ ಹಾಯಿಸಿ ಎದುರು ಸೀಟಿನವರ ಚಿತ್ರ ತೆಗೆದರು. ತಮ್ಮ ಪಾಡಿಗೆ ತಾವಿದ್ದ ಮುಖಗಳು. ಕದ್ದು ತೆಗೆದದ್ದೇ, ಅನುಮಾನವಿಲ್ಲ. ಆದರೆ ಅವು ಪುಸ್ತಕವಾಗಿ ಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ನಾವು ತಿಪಟೂರಿನವರಿಗೆ ಕೊಟ್ಟ ಅವಧಿ ಹನ್ನೊಂದು ದಿನ. ತೆಗೆಯುವ ಮೊದಲು ಕೇಳಬೇಕು ಎನ್ನುವುದನ್ನು ನಾನು ಇನ್ನೂ ಒಪ್ಪುವುದಿಲ್ಲ. ತೆಗೆದ ಮೇಲೆ ಎದ್ದು ಹೋಗಿ ನಾಲ್ಕು ಮಾತನಾಡುವುದಕ್ಕೆ, ಪ್ರಕಟಿಸಬಹುದೇ ಎಂದು ಕೇಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಛಾಯಾಗ್ರಾಹಕರು ಅಷ್ಟರಲ್ಲಿ ಬಸ್ ಬಂತು ಎನ್ನುತ್ತಾರೆ. ನಂಬುತ್ತೇನೆ.

ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೊಗಳಲ್ಲಿ ಜನ ಜನರ ಜೊತೆ ಇರುತ್ತಿದ್ದರು, ನಿಮಗೆ ಅವರಂಥವರು ಯಾಕೆ ಸಿಗುವುದಿಲ್ಲ ಎಂದು ಕೊನೆಯಲ್ಲಿ ಗದರಿದ್ದೀರಿ. ಅವರಂಥವರು ಸಿಕ್ಕರೆ ಬಿಡುವವರಾರು? ಸಿಗುವವರೆಗೆ ಮಾಡಬಹುದಾದ ಒಂದೆರಡು ಕೆಲಸ ಮಾಡಿದ್ದೇವೆ. ಇನ್ನು ಮುಂದೆ ಬೀದಿಯ ಫೋಟೊಗಳ ಕೆಳಗೆ ಊರು ಮತ್ತು ಹೊತ್ತು ಮಾತ್ರ ಇರುತ್ತದೆ. ಮೂಲವನ್ನು ಪೂರ್ತಿ ನೋಡದೆ ಅಂಚು ಕತ್ತರಿಸುವಂತಿಲ್ಲ ಎಂದು ಪುಟ ಕಟ್ಟುವವರು ನನಗೇ ತಾಕೀತು ಮಾಡಿದ್ದಾರೆ.

ಎದುರು ಪುಟದಲ್ಲಿ ಆ ಫೋಟೊ ಇಡಿಯಾಗಿ ಅಚ್ಚಾಗಿದೆ, ಅಡ್ಡ ಚಿತ್ರವಾಗಿಯೇ. ಕೆಳಗೆ ‘ತಿಪಟೂರು ಬಸ್ ನಿಲ್ದಾಣ, ಬೆಳಿಗ್ಗೆ 5.50’ ಎಂದಿದೆ. ಮೊದಲು ‘ಪತಿ ಪತ್ನಿ’ ಎಂದು ಸೇರಿಸಿದ್ದೆ, ಕರಡು ತಿದ್ದುವಾಗ ಹೊಡೆದುಹಾಕಿದೆ. ಬಳೆ ಹಾಕಿದ ಕೈ ಹೆಂಡತಿಯದೇ ಇರಬೇಕೆಂದೇನಿದೆ? ಮಗಳದಿರಬಹುದು, ಅದೇ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದವರದ್ದೂ ಇರಬಹುದು. ಅವರನ್ನು ಬಲ್ಲ ಓದುಗರು ಯಾರಾದರೂ ಇದ್ದರೆ ಕಚೇರಿಗೆ ತಿಳಿಸಿ, ಎರಡು ಪ್ರತಿ ಕಳುಹಿಸುತ್ತೇವೆ.

ಕಳೆದ ತಿಂಗಳ ಸಂಚಿಕೆ ನಿಮಗೆ ಬರಲಿಲ್ಲ, ಪಕ್ಕದ ಮನೆಯವರ ಪ್ರತಿಯಲ್ಲೇ ಓದಿ ಬರೆದೆ ಎಂದಿದ್ದೀರಿ. ಪ್ರಸರಣ ವಿಭಾಗದವರು ಇನ್ನೊಂದು ಪ್ರತಿಯನ್ನು ಅಂಚೆಗೆ ಹಾಕಿದ್ದಾರೆ. ಪಕ್ಕದ ಮನೆಯವರದ್ದನ್ನು ಹಿಂದಿರುಗಿಸಿಬಿಡಿ.

ಸಂಪಾದಕ